ಅಣ್ಣನ ಪ್ಯಾಂಟಿನ ಒಳಹೊಲಿಗೆ

ನನ್ನಣ್ಣ ಊರವರ ಸೊಂಟವನ್ನೆಲ್ಲ ಅಳೆದವನು, ತನ್ನದನ್ನು ಮಾತ್ರ ಯಾರಿಗೂ ಅಳೆಯಲು ಬಿಡದವನು. ಮೂವತ್ತೈದು ವರ್ಷದಿಂದ ದರ್ಜಿ. ಅದರಲ್ಲಿ ಹದಿನೆಂಟು ವರ್ಷ ಕರುಳಿನ ಉರಿಯೂತದ ಜೊತೆಗೇ ಸಂಸಾರ. ಅಂಗಡಿ ಹಿಡಿದದ್ದೂ ಹತ್ತು ಹೆಜ್ಜೆಯೊಳಗೆ ಕಕ್ಕಸು ಇದೆಯೆಂದೇ. ಹೇಗಿದ್ದೀಯ ಎಂದರೆ "ಕಲ್ಲುಗುಂಡಿನ ಹಾಗಿದೀನಿ" ಅನ್ನುತ್ತಾನೆ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ.

ಈ ಸಲ ಕರುಳಿನ ಒಂದು ತುಂಡನ್ನು ತೆಗೆಯಲೇಬೇಕು ಎಂದರು ಹೊಸ ಆಸ್ಪತ್ರೆಯ ಡಾಕ್ಟರು. ಅದಕ್ಕೆ ಮೊದಲು ಮೈಯಲ್ಲಿ ಎಷ್ಟು ತ್ರಾಣ ಉಳಿದಿದೆ ಎಂದು ಅಳೆಯಬೇಕು. ಸೊರಗಿದ್ದರೆ ಆರು ವಾರ ಊಟ, ವ್ಯಾಯಾಮ ಕೊಟ್ಟು ಗಟ್ಟಿ ಮಾಡಿ ಆಮೇಲೆ ಆಪರೇಷನ್. ಹಾಗೇ ಕೊಯ್ದರೆ ಮನುಷ್ಯ ಮತ್ತೆ ಏಳುವುದೇ ಅನುಮಾನ. ಅಣ್ಣನಿಗೋ ಆರು ವಾರ ಬಿಡುವಿಲ್ಲ. ಶಾಲೆ ತೆರೆಯುವುದರೊಳಗೆ ಇನ್ನೂರು ಯೂನಿಫಾರಂ ಹೊಲಿಯಬೇಕಂತೆ. ಹುಡುಗರು ಒಂದು ತಿಂಗಳು ಹಳೇ ಚಡ್ಡಿಯಲ್ಲಿ ಹೋದರೆ ಶಾಲೆ ಮುಚ್ಚಿಹೋಗುತ್ತದೆಯೇ?

ಅಂಗಡಿಯಿಂದ ನೇರ ಆಸ್ಪತ್ರೆಗೆ ಬಂದ, ಕೊರಳಲ್ಲಿ ಟೇಪು ನೇತಾಡುತ್ತಲೇ ಇತ್ತು. ಅಳೆಯುವ ಹುಡುಗಿ ಮುಷ್ಟಿಯ ಬಲ ತೋರಿಸುವ ಯಂತ್ರವೊಂದನ್ನು ಕೈಗೆ ಕೊಟ್ಟಳು. ಮೂವತ್ತೈದು ವರ್ಷ ಕತ್ತರಿ ಆಡಿಸಿದ ಕೈ, ಮುಳ್ಳು ಸರ್ರನೆ ಏರಿತು. ಆಮೇಲೆ ನಾಲ್ಕು ಮೀಟರ್ ನಡಿಗೆ. ನೆಲದ ಗೆರೆ ಶೌಚಾಲಯದ ಕಡೆಗೇ ಇತ್ತು. ಅಣ್ಣ ಗೆರೆ ದಾಟಿ ಹಾಗೇ ಒಳಗೆ ನುಗ್ಗಿದ. "ಒಳ್ಳೇ ಸ್ಪೀಡು" ಎಂದು ಬರೆದುಕೊಂಡಳು ಹುಡುಗಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತೂಕ ನೋಡಿ ಕೇಳಿದಳು, "ಆರು ತಿಂಗಳ ಹಿಂದೆ ಎಷ್ಟಿದ್ರಿ ಸರ್?"

"ಇಷ್ಟೇ. ನಾನು ಮೊದಲಿಂದಲೂ ತೆಳ್ಳಗೇನೇ."

"ಬಟ್ಟೆ ಏನಾದ್ರೂ ಸಡಿಲ ಆಗಿದ್ಯಾ?"

"ನೀವೇ ನೋಡಿ. ಪ್ಯಾಂಟಿನೊಳಗೆ ಒಂದು ಬೆರಳೂ ತೂರಲ್ಲ."

ಅವಳು ಕೊನೆಯ ಸಾಲಿನಲ್ಲಿ 'ಗಟ್ಟಿಯಾಗಿದ್ದಾರೆ' ಎಂದು ಬರೆದಳು. ನನ್ನ ಮೈಯೆಲ್ಲ ಉರಿದುಹೋಯಿತು. ಕಳೆದ ವಾರ ಆ ಪ್ಯಾಂಟು ಒಗೆದವಳು ನಾನು.

"ಆ ಕಡೆ ತಿರುಗು" ಎಂದೆ.

"ಸುಮ್ನಿರೇ, ಮಾನ ಕಳೀಬೇಡ."

ನಾನೇ ತಿರುಗಿಸಿ, ಪ್ಯಾಂಟಿನ ಹಿಂದಿನ ಪಟ್ಟಿ ಮಗುಚಿದೆ. ಒಳಗೆ ಒಂದರ ಪಕ್ಕ ಒಂದು ಐದು ಸಾಲು ಹೊಲಿಗೆ. ಮೈ ಇಳಿದ ಹಾಗೆಲ್ಲ ಯಾರಿಗೂ ಗೊತ್ತಾಗದಂತೆ ಪ್ಯಾಂಟಿನ ಸೊಂಟವನ್ನೂ ಬಿಗಿ ಮಾಡಿಕೊಂಡು ಬಂದಿದ್ದ. ಹೆಚ್ಚಿನ ಬಟ್ಟೆಯನ್ನು ಮಾತ್ರ ಕತ್ತರಿಸಿರಲಿಲ್ಲ. ಮತ್ತೆ ಬಿಚ್ಚುವ ದಿನ ಬಂದೀತೆಂದು ನೀಟಾಗಿ ಮಡಚಿ ಇಟ್ಟಿದ್ದ. ಸಿಟ್ಟಿನಲ್ಲೇ ನನಗೆ ಕಣ್ಣು ತುಂಬಿತು.

ಅವನ ಕೊರಳಿನ ಟೇಪನ್ನೇ ಎಳೆದುಕೊಂಡು ಆ ಮಡಿಕೆಯನ್ನು ಅಳೆದೆ. "ಬರ್ಕೋಮ್ಮಾ. ಎರಡೂಕಾಲು ಇಂಚು ಇಳಿದಿದಾನೆ."

ಅಣ್ಣ ಗೋಡೆ ನೋಡುತ್ತ ನಿಂತಿದ್ದ. ಇನ್ನೊಂದು ಸುಳ್ಳು ಹೇಳಿ ಬಚಾವಾಗಬಹುದಿತ್ತೇನೋ. ಆದರೆ ತಪ್ಪು ಅಳತೆ ಕಿವಿಗೆ ಬಿದ್ದರೆ ತಡೆದುಕೊಳ್ಳುವವನಲ್ಲ.

"ಮಡಿಕೆ ಅಂದ್ರೆ ಎರಡು ಪದರ ಕಣೇ. ನಾಲ್ಕೂವರೆ" ಎಂದ.

ಹುಡುಗಿ ತಾನು ಬರೆದಿದ್ದ ಕೊನೆಯ ಸಾಲನ್ನು ಹೊಡೆದುಹಾಕಿದಳು.