ಹುಲಿ-ಕುರಿ ಮಣೆಯೂ ಮಾತಾಡದ ಸೊಸೆಯೂ

ನನ್ನಷ್ಟು ಬುದ್ಧಿವಂತೆ ಆ ಸೀಮೆಯಲ್ಲೇ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದ ಕಾಲ ಅದು. ತರೀಕೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದಿಷ್ಟು ಓದಿದ್ದೆ. ರಂಗೋಲಿಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಮದುವೆಯಾಗಿ, ರೈಲು ಹತ್ತಿ, ಬೀರೂರಿನಲ್ಲಿ ಗಾಡಿ ಬದಲಾಯಿಸಿ, ಅಜ್ಜಂಪುರದಲ್ಲಿ ಇಳಿದು ಗಂಡನ ಮನೆಗೆ ಬಂದಿದ್ದೆ. ತಲೆ ತಿರುಗುವುದಕ್ಕೆ ಇಷ್ಟು ಸಾಲದೇ?

ಗಂಡನ ಮನೆ ಅಜ್ಜಂಪುರಕ್ಕೆ ಹತ್ತಿರದ ಒಂದು ಹಳ್ಳಿ. ರಾಗಿ ಹೊಲ, ಒಂದು ತೆಂಗಿನ ತೋಟ, ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ. ನಾನು ಬರುವ ಹಿಂದಿನ ವರ್ಷವೇ ಮಾವನವರಿಗೆ ಎರಡು ಕಣ್ಣೂ ಹೋಗಿದ್ದವು. ಪೊರೆ ಬಂದಿತ್ತಂತೆ. ಊರೂರು ತಿರುಗುವ ಯಾರೋ ಪಂಡಿತ ಬಂದು ಏನೋ ಹಚ್ಚಿ, ಇದ್ದ ಅಷ್ಟಿಷ್ಟು ದೃಷ್ಟಿಯನ್ನೂ ಕಳೆದು, ದಕ್ಷಿಣೆ ತೆಗೆದುಕೊಂಡು ಹೊರಟುಹೋಗಿದ್ದ. ಅವನ ಕೈ ಸೇದಿಹೋಗ ಎಂದು ಅತ್ತೆ ದಿನಾ ಶಪಿಸುತ್ತಿದ್ದರು.

ಕಣ್ಣು ಚೆನ್ನಾಗಿದ್ದಾಗ ಮಾವ ಹುಲಿ-ಕುರಿ ಆಟದಲ್ಲಿ ಎತ್ತಿದ ಕೈ. ಮಠದ ಜಗಲಿಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ಆಡುತ್ತಿದ್ದರು. ಒಬ್ಬನ ಕೈಯಲ್ಲಿ ಕೆಲವೇ ಹುಲಿ, ಇನ್ನೊಬ್ಬನ ಕೈಯಲ್ಲಿ ಒಂದು ಮಂದೆ ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳೆಲ್ಲ ಒಟ್ಟಾಗಿ ಹುಲಿ ಅಲುಗಾಡದಂತೆ ಕಟ್ಟಿಹಾಕಬೇಕು. ಕಣ್ಣು ಹೋದ ಮೇಲೆ ಒಂದು ದಿನ ಮಾವ ಜಗಲಿಗೆ ಹೋಗಿದ್ದರಂತೆ. ಅಲ್ಲಿದ್ದವರೆಲ್ಲ ಅಯ್ಯೋ ಪಾಪ ಎಂದು, ಇವರ ಕುರಿಗಳನ್ನು ತಾವೇ ನಡೆಸಿ, ತಾವೇ ಸೋತು, ಇವರನ್ನು ಗೆಲ್ಲಿಸಿ, ಕೈಹಿಡಿದು ಮನೆಗೆ ತಂದು ಬಿಟ್ಟರಂತೆ. ಅವತ್ತಿನಿಂದ ಮಾವ ಹೊಸಿಲು ದಾಟಲಿಲ್ಲ. ಪಡಸಾಲೆಯಲ್ಲಿ ಕಂಬಳಿ ಹಾಸಿ, ಮುಸುಕು ಹಾಕಿ ಮಲಗಿಬಿಟ್ಟರು. ಊಟಕ್ಕೆ ಎಬ್ಬಿಸಿದರೆ ನಾಲ್ಕು ತುತ್ತು, ಮಾತು ಅದಕ್ಕಿಂತ ಕಡಿಮೆ.

"ಇವ್ರು ಹಿಂಗೇ ಇದ್ರೆ ಬರೋ ಯುಗಾದಿ ಕಾಣಲ್ಲ ಕಣೇ," ಎಂದು ಅತ್ತೆ ಒಂದು ದಿನ ಒಲೆಯ ಮುಂದೆ ಕಣ್ಣೊರೆಸಿಕೊಂಡರು. ಹೊಗೆ, ಹೊಗೆ ಎಂದು ನೆಪ ಹೇಳಿದರು. ಒಲೆಯಲ್ಲಿ ಹೊಗೆಯೇ ಇರಲಿಲ್ಲ.

ನಾನಿರುವಾಗ ಹಾಗಾಗಲು ಬಿಡುತ್ತೇನೆಯೇ ಎಂಬ ಜಂಬ ನನಗೆ. ಕೈಯಲ್ಲಿ ಮುಟ್ಟಿ ಆಡುವ ಹಾಗೆ ಆಟವನ್ನು ಮಾಡಿಕೊಟ್ಟರೆ ಮಾವ ಎದ್ದು ಕೂರುತ್ತಾರೆ ಎಂದು ಲೆಕ್ಕ ಹಾಕಿದೆ.

ಇಲ್ಲೊಂದು ವಿಷಯ ಹೇಳಬೇಕು. ಆಗ ನಮ್ಮಲ್ಲಿ ಸೊಸೆಯಾದವಳು ಮಾವನ ಮುಂದೆ ಬಾಯಿ ಬಿಡುವಂತಿರಲಿಲ್ಲ. ಅಡುಗೆಮನೆಯಲ್ಲೂ ಪಿಸುಮಾತೇ. ಮಾವ ಪಡಸಾಲೆಯಲ್ಲಿದ್ದರೆ ನಾನು ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿಯುತ್ತಿದ್ದೆ. ಕಣ್ಣು ಕಾಣದವರ ಮುಂದೆ ಸೆರಗು ಯಾಕೆ ಎಂದು ಕೇಳುವಷ್ಟು ಬುದ್ಧಿ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ. ಬುದ್ಧಿವಂತೆಯಾದ ನನಗಂತೂ ಬರಲೇ ಇಲ್ಲ.

ಮೊದಲ ಸಲ ರಂಗೋಲಿಯಲ್ಲೇ ಮಾಡಿದೆ. ಬೇರೇನು ಬರುತ್ತಿತ್ತು ನನಗೆ? ಗೆರೆಗಳನ್ನು ದಪ್ಪಗೆ, ಬದುವಿನ ಹಾಗೆ ಎತ್ತರಿಸಿ ಹಾಕಿದೆ. ಅತ್ತೆ ಮಾವನನ್ನು ಕರೆತಂದು ಕೂರಿಸಿದರು. ಮಾವ ಒಂದು ಸಲ ಅಂಗೈ ಆಡಿಸಿದರು. ಗೆರೆಯೂ ಹೋಯಿತು, ಕುರಿ ಕೂರುವ ಮನೆಯೂ ಹೋಯಿತು, ಅವರ ಪಂಚೆಯೆಲ್ಲ ಬಿಳಿ ಪುಡಿಯಾಯಿತು. "ಏನಿದು, ಹಿಟ್ಟು ಚೆಲ್ಲೈತಾ?" ಎಂದು ಕೇಳಿ ಎದ್ದು ಹೋದರು. ನಾನು ಬಾಗಿಲ ಹಿಂದೆ ತುಟಿ ಕಚ್ಚಿಕೊಂಡು ನಿಂತಿದ್ದೆ.

ಆಮೇಲೆ ಹಳೆಯ ಕಂಬಳಿಯ ಮೇಲೆ ಸೆಣಬಿನ ಹುರಿಯಿಂದ ಗೆರೆ ಹೊಲಿದೆ. ಹುಣಸೆಬೀಜ ಕುರಿ, ತೆಂಗಿನ ಚಿಪ್ಪಿನ ಚೂರು ಹುಲಿ. ಹೊಲಿದು ಹೊಲಿದು ಬೆರಳು ತೂತಾಯಿತು. ಗೆರೆ ಗೊತ್ತಾಗುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಯಾವ ಕುರಿ ಎಲ್ಲಿದೆ ಎಂದು ಮಾವ ಕೈಯಾಡಿಸಿದ ಕೂಡಲೇ ಮಂದೆಯೆಲ್ಲ ಚೆಲ್ಲಾಪಿಲ್ಲಿ. ಮಾವ ಆ ಕಂಬಳಿಯನ್ನೇ ಮಡಿಸಿ ತಲೆಯಡಿಗೆ ಇಟ್ಟುಕೊಂಡು ಮಲಗಿದರು.

ಮೂರನೆಯದಕ್ಕೆ ಗಂಡನ ಕೈಕಾಲು ಹಿಡಿಯಬೇಕಾಯಿತು. ಹಲಸಿನ ಹಲಗೆಯೊಂದಕ್ಕೆ ಕಾಯಿಸಿದ ಕಬ್ಬಿಣದ ಸಲಾಕೆಯಿಂದ ಗೆರೆ ಸುಟ್ಟು, ಗೆರೆ ಕೂಡುವಲ್ಲೆಲ್ಲ ತೂತು ಹಾಕಿಸಿದೆ. ತೊಗರಿ ಕಡ್ಡಿ ಕುಯ್ದು, ಗಿಡ್ಡನೆಯವು ಕುರಿ, ಉದ್ದನೆಯವು ಹುಲಿ ಎಂದು ಮಾಡಿದೆ. ಕಡ್ಡಿ ತೂತಿನಲ್ಲಿ ಕೂತರೆ ಕೈ ತಗುಲಿದರೂ ಬೀಳದು. ಗಂಡ ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು, "ಒಳ್ಳೆ ಮಣೆಗೆ ಹುಳ ಹಿಡಿದಂಗೆ ಮಾಡಿದ್ಯಲ್ಲೇ," ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸಲ ಮಾವನ ಬೆರಳು ಮಣೆಯ ಮೇಲೆ ನಿಂತಿತು. ತೂತು ಹಿಡಿದು, ಗೆರೆ ಹಿಡಿದು, ಕಡ್ಡಿ ಹಿಡಿದು ನಿಧಾನವಾಗಿ ಸುತ್ತಿ ಬಂತು. "ಯಾರು ಆಡೋರು?" ಎಂದರು. ಗಂಡ ಹೊಲಕ್ಕೆ ಹೋಗಿದ್ದ. ಅತ್ತೆಗೆ ಆಟ ಬಾರದು. ಸೊಸೆ ಆಡ್ತಾಳೆ ಎಂದು ಅವರೇ ಹೇಳಿದರು. ಹಾಗಾಗಿ ನಾನೇ ಎದುರಿಗೆ ಕೂತೆ, ಬಾಯಿ ಬಿಗಿದುಕೊಂಡು.

ಆಡುವ ಕ್ರಮವನ್ನೂ ನಾನೇ ಕಂಡುಹಿಡಿದಿದ್ದೆ. ನನ್ನ ಹುಲಿ ನಡೆಸಿದ ಮೇಲೆ ಮಣೆಯ ಅಂಚಿಗೆ ಕಡ್ಡಿಯಿಂದ ಟಕ್ ಎಂದು ಹೊಡೆಯುವುದು. ಆಗ ಮಾವ ಮಣೆಯೆಲ್ಲ ಸವರಿ, ಏನು ಬದಲಾಗಿದೆ ಎಂದು ಹುಡುಕಿ, ತಮ್ಮ ಕುರಿ ನಡೆಸುವುದು. ಅವರ ಕೈ ಮಣೆಯ ಮೇಲೆ ಬಂದರೆ ನಾನು ಹಾವು ಕಂಡವಳಂತೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಮಾವನ ಬೆರಳು ಸೋಕಿದರೆ ಊರೇನಂದೀತು! ಊರು ಅಲ್ಲಿರಲಿಲ್ಲ, ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು, ಅಷ್ಟೆ.

ಹಿರಿಯರು, ಪಾಪ, ಗೆಲ್ಲಲಿ ಎಂದು ನಾನು ಕುರಿ ತಿನ್ನುವ ಕಡೆ ತಿನ್ನದೆ ಬಿಟ್ಟೆ. ಒಂದು ಬಿಟ್ಟೆ, ಇನ್ನೊಂದು ಬಿಟ್ಟೆ. ಮಾವ ಕೈ ತಡೆದು ಅತ್ತೆಯ ಕಡೆ ತಿರುಗಿದರು.

"ಲೇ, ಇವತ್ತು ಸೋಮವಾರನಾ?"

"ಅಲ್ಲ ಕಣ್ರೀ, ಬುಧವಾರ. ಯಾಕೆ?"

"ಮತ್ತೆ ಹುಲಿ ಯಾಕೆ ಉಪವಾಸ ಮಾಡ್ತೈತೆ?"

ಅತ್ತೆ ಅವರೆಕಾಯಿ ಬಿಟ್ಟು ನಗತೊಡಗಿದರು. ನನಗೆ ಕಿವಿಯವರೆಗೆ ಬಿಸಿಯಾಯಿತು. ಮಠದ ಜಗಲಿಯಲ್ಲಿ ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದ್ದೆ, ಅದೂ ಇಷ್ಟೆಲ್ಲ ಮರ ಸುಟ್ಟು. ಇನ್ನು ಬಿಡುವುದಿಲ್ಲ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ, ಇದ್ದ ಬುದ್ಧಿಯೆಲ್ಲ ಖರ್ಚು ಮಾಡಿ ಆಡಿದೆ. ಸೋತೆ. ಮರುದಿನವೂ ಸೋತೆ. ನಾನು ಬಿಟ್ಟುಕೊಡುವ ಅವಶ್ಯಕತೆಯೇ ಇರಲಿಲ್ಲ. ಆ ಮನುಷ್ಯ ನನ್ನನ್ನು ಕಣ್ಣುಮುಚ್ಚಿ ಸೋಲಿಸುತ್ತಿದ್ದರು, ಬರೀ ಮಾತಿಗಲ್ಲ, ನಿಜವಾಗಿಯೇ.

ಅಂತೂ ಮಾವ ದಿನಕ್ಕೊಂದು ಸಲ ಎದ್ದು ಕೂರುವಂತಾಯಿತು. ನಾನು ಗೆದ್ದೆ ಎಂದುಕೊಂಡೆ. ಆದರೆ ಆಟ ಮುಗಿದ ಕೂಡಲೇ ಮತ್ತೆ ಅದೇ ಮುಸುಕು, ಅದೇ ನಾಲ್ಕು ತುತ್ತು. ಬರಬರುತ್ತಾ ಆಟವನ್ನೂ ಅರ್ಧಕ್ಕೇ ಬಿಟ್ಟು ಮಲಗತೊಡಗಿದರು. ಅತ್ತೆ ನನ್ನ ಮುಖ ನೋಡುತ್ತಿದ್ದರು. ನಾನು ಮಣೆಯ ಮುಖ ನೋಡುತ್ತಿದ್ದೆ. ತೂತು ಬಿಗಿಯಾಯಿತೇನೋ ಎಂದು ಕಡ್ಡಿಗೆ ಎಣ್ಣೆ ಹಚ್ಚಿದೆ. ಹುಲಿ ಸರಿಯಾಗಿ ಗೊತ್ತಾಗುತ್ತಿಲ್ಲವೇನೋ ಎಂದು ಅದರ ತಲೆಗೆ ನೂಲು ಸುತ್ತಿದೆ. ಅಂಚು ಚುಚ್ಚುತ್ತದೇನೋ ಎಂದು ಉಜ್ಜಿ ನುಣುಪು ಮಾಡಿದೆ. ನನ್ನ ಬುದ್ಧಿ ಓಡಿದ್ದೆಲ್ಲ ಮರದ ಕಡೆಗೇ.

ಅಷ್ಟರಲ್ಲಿ ಕಡೂರಿನಿಂದ ಒಬ್ಬರು ತೆಂಗಿನಕಾಯಿ ವ್ಯಾಪಾರಿ ಬಂದರು. ಮಾವನ ಹಳೆಯ ಜೊತೆಗಾರ, ಆಟದಲ್ಲೂ ಜೊತೆ. ಮಣೆ ನೋಡಿದವರೇ, "ಏನಪ್ಪಾ ಇದು, ಬಾ ಒಂದು ಕೈ ನೋಡಾಣ," ಎಂದು ಅಂಗಿ ಬಿಚ್ಚಿ ಕೂತರು. ಅವರದು ಹುಲಿ, ಮಾವನದು ಕುರಿ. ನಾನು ಕಂಬದ ಮರೆಯಲ್ಲಿ ನಿಂತೆ, ನನ್ನ ಮಣೆಯನ್ನು ಯಾರಾದರೂ ಹೊಗಳಿಯಾರು ಎಂದು.

ಆ ಪುಣ್ಯಾತ್ಮ ಒಂದು ಕುರಿಯನ್ನು ಹಾರಿ ತಿಂದವರು, ಸದ್ದಿಲ್ಲದೆ ಪಕ್ಕದ ಇನ್ನೊಂದು ಕುರಿಯನ್ನೂ ಕಿತ್ತು ಮಡಿಲಿಗೆ ಹಾಕಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಸೊಸೆ, ಮಾವ, ಸೆರಗು, ಊರು, ಒಂದೂ ನೆನಪಿಗೆ ಬರಲಿಲ್ಲ.

"ಏಯ್! ಎರಡು ಕುರಿ ಕಿತ್ಕೊಂಡ್ರಲ್ರೀ! ಒಂದು ವಾಪಸ್ ಇಡ್ರೀ ಅಲ್ಲಿ!"

ಕೊಟ್ಟಿಗೆಯ ಎತ್ತು ಕೂಡ ತಲೆಯೆತ್ತಿರಬೇಕು. ವ್ಯಾಪಾರಿ ನಾಲಗೆ ಕಚ್ಚಿಕೊಂಡು, ಕಡ್ಡಿ ಮತ್ತೆ ಸಿಕ್ಕಿಸಿ, ಹೋ ಎಂದು ನಕ್ಕರು. "ಹಳೇ ಚಾಳಿ ಕಣಪ್ಪಾ, ಕೈ ಬಿಡಲ್ಲ," ಎಂದರು. ಅತ್ತೆ ಹಣೆ ಚಚ್ಚಿಕೊಂಡರು. ನಾನು ಓಡಿಹೋಗಿ ರಾಗಿ ಮೂಟೆಗಳ ಹಿಂದೆ ಕೂತೆ. ಇನ್ನು ನನ್ನನ್ನು ತರೀಕೆರೆಯ ರೈಲು ಹತ್ತಿಸುವುದೇ ಸೈ ಎಂದು ಅಳು ಬಂತು.

ವ್ಯಾಪಾರಿ ಹೊರಟ ಮೇಲೆ ಪಡಸಾಲೆಯಿಂದ ಮಾವನ ದನಿ ಕೇಳಿತು.

"ಕೂಗಿದ್ದು ಯಾರು?"

"ನಿಮ್ ಸೊಸೆ ಕಣ್ರೀ," ಅತ್ತೆ ನಡುವೆ ಬಂದರು. "ಹುಡುಗಿ, ತಿಳೀದೆ ಬಾಯಿ ಜಾರ್ತು. ಹೊಟ್ಟೆಗೆ ಹಾಕ್ಕಳಿ."

"ಕರಿ ಅವಳ್ನ."

ಹೋದೆ. ಕಾಲು ಸದ್ದಾಗದಂತೆ ಹೋಗಿ, ಉಸಿರು ಬಿಗಿಹಿಡಿದು, ಕಂಬದ ಪಕ್ಕ ನಿಂತೆ. ಮಾವ ಅಡುಗೆಮನೆಯ ಬಾಗಿಲ ಕಡೆಗೆ ಮುಖ ಮಾಡಿ ಮಾತಾಡಿದರು. ಅಲ್ಲಿ ಯಾರೂ ಇರಲಿಲ್ಲ.

"ನಿನ್ ಮುಖ ನಾನು ನೋಡಿಲ್ಲ ತಾಯಿ. ದನೀನೂ ಬಚ್ಚಿಟ್ಕಂಡ್ರೆ ಈ ಮನೆಗೊಬ್ಬಳು ಸೊಸೆ ಬಂದವಳೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಇಷ್ಟು ದಿನ ಬರೀ ಮಣೆ ಜೊತೆ ಆಡ್ದಂಗಿತ್ತು ಕಣವ್ವಾ. ಎದುರಿಗೆ ಒಂದು ಕಡ್ಡಿ ಟಕ್ ಅನ್ನೋದು. ಅಷ್ಟೇಯ."

ಖಾಲಿ ಬಾಗಿಲಿಗೆ ಅವರು ಅಷ್ಟು ಮೆತ್ತಗೆ ಮಾತಾಡುತ್ತಿದ್ದುದನ್ನು ನೋಡಿ ನನಗೆ ನಿಲ್ಲಲಾಗಲಿಲ್ಲ. ಅತ್ತೆಯನ್ನು ನೋಡಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮಾತಾಡು ಎಂದು ಕೈಸನ್ನೆ ಮಾಡಿದರು.

"ನಾನು ಇಲ್ಲಿದೀನಿ ಮಾವಯ್ಯಾ, ಕಂಬದ ಹತ್ರ," ಎಂದೆ.

ಬಾಗಿಲ ಕಡೆಗಿದ್ದ ಮುಖ ನನ್ನ ಕಡೆಗೆ ತಿರುಗಿತು.