ಸೇರಿಸದೆ ಬಿಟ್ಟ ಕಾಲು

ನಮ್ಮ ಅತ್ತೆಯನ್ನು ಬೀದಿಯವರೆಲ್ಲ ರೇಡಿಯೋ ಅಕ್ಕ ಎನ್ನುತ್ತಾರೆ. ಮಹಡಿ ಮೆಟ್ಟಿಲ ಕೆಳಗಿನ ಓರೆ ಜಾಗವೇ ಅವರ ಅಂಗಡಿ. ಎದ್ದರೆ ತಲೆ ತಾಗುತ್ತದೆ. ಹಾಗಾಗಿ ಬಂದವರು ಎಷ್ಟೇ ದೊಡ್ಡವರಾದರೂ ಅತ್ತೆ ಕೂತೇ ಮಾತಾಡುತ್ತಾರೆ. ರೇಡಿಯೋ, ಆಂಪ್ಲಿಫೈಯರ್, ಶಾಲೆಯ ಮೈಕು, ಏನೇ ಬರಲಿ, ಮೊದಲು ಕಿವಿಗೆ ಹಿಡಿಯುತ್ತಾರೆ. ಎಲ್ಲೋ ಒಳಗೆ ಗೊರಗೊರ ಕೇಳಿಸಿತೋ, ಅದನ್ನು ಹುಡುಕಿ ತೆಗೆಯುವ ತನಕ ಅವರಿಗೆ ಅನ್ನ ಸೇರುವುದಿಲ್ಲ.

ಮಾವ ಒಂದು ವಾದ್ಯತಂಡದಲ್ಲಿ ಡ್ರಮ್ಮು ಬಾರಿಸುತ್ತಿದ್ದರು. ಲಕ್ವ ಹೊಡೆದ ಮೇಲೆ ಬಲಗೈಯಲ್ಲಿ ಕೋಲು ನಿಲ್ಲದಾಯಿತು, ಬಲಗಾಲು ದೊಡ್ಡ ಡ್ರಮ್ಮಿನ ಪೆಡಲನ್ನು ತುಳಿಯಲು ಒಪ್ಪದಾಯಿತು. ಬೆರಳುಗಳು ಮಾತ್ರ ಆಡುತ್ತಿದ್ದವು. ಊಟದ ಮೇಜಿನ ಮೇಲೆ, ಮಂಚದ ಪಟ್ಟಿಯ ಮೇಲೆ, ಆಸ್ಪತ್ರೆಯಲ್ಲಿ ಸರದಿಗೆ ಕಾಯುವಾಗ ಪಕ್ಕದವರ ಕುರ್ಚಿಯ ಬೆನ್ನಿನ ಮೇಲೆ ಕೂಡ.

ಒಂದು ಸಂಜೆ ತಂಡದ ಹಾಡುಗಾರ ಬಂದರು. ಮಾವನ ಹಳೆಯ ಗೆಳೆಯ. ಕಾಫಿ ಲೋಟವನ್ನು ತಿರುಗಿಸುತ್ತ ಹೇಳಿದರು: "ಕೀಬೋರ್ಡಲ್ಲೇ ತಾಳ ಹಾಕ್ಕೊಂಡು ನಡೆಸ್ತಾ ಇದೀವಿ ಕಣೋ. ಗುಂಡಿ ಒತ್ತಿದ್ರೆ ಅದರ ಪಾಡಿಗೆ ಅದು ಹೋಗುತ್ತೆ, ನಾನು ಉಸಿರು ತಗೊಳ್ಳೋಕೂ ನಿಲ್ಲಲ್ಲ. ಅದಕ್ಕೇ ಹೊಸಬರೊಬ್ಬರನ್ನ ನೋಡಿದೀವಿ. ತಿಂಗಳ ಕೊನೆಗೆ ಸೇರಿಸ್ಕೊಳ್ಳೋಣ ಅಂತ."

"ಸೇರಿಸ್ಕೊಳ್ರಪ್ಪ, ನಂದೇನಿದೆ" ಎಂದರು ಮಾವ. ಮೇಜಿನ ಮೇಲಿನ ಬೆರಳುಗಳು ನಿಂತುಹೋದವು.

ಅಡುಗೆಮನೆಯ ಬಾಗಿಲಿಂದ ಅತ್ತೆಯ ದನಿ ಬಂತು. "ತಿಂಗಳ ಕೊನೆಗೆ ಇನ್ನೂ ದಿನ ಇದೆಯಲ್ಲ ಅಣ್ಣಾ. ಅಲ್ಲೀತನಕ ಯಾರಿಗೂ ಮಾತು ಕೊಡಬೇಡಿ."

ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ತರಿಸುತ್ತಿದ್ದ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿ ಡ್ರಮ್ ಸಿಂಥಸೈಸರಿನ ಸರ್ಕ್ಯೂಟ್ ಚಿತ್ರ ಬಂದಿದ್ದದ್ದು ಅತ್ತೆಗೆ ನೆನಪಿತ್ತು. ಆ ವಾದ್ಯದೊಳಗೆ ಕಂಪ್ಯೂಟರಿಲ್ಲ, ಮೊದಲೇ ಹಿಡಿದಿಟ್ಟ ಸದ್ದೂ ಇಲ್ಲ. ತಟ್ಟಿದ ಆ ಗಳಿಗೆಯಲ್ಲಿ ಟ್ರಾನ್ಸಿಸ್ಟರು, ಕೆಪಾಸಿಟರುಗಳೇ ಸೇರಿ ಸದ್ದನ್ನು ಹುಟ್ಟಿಸಬೇಕು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಗುದ್ದಿದರೆ ಜೋರಾಗಿ. ಕೋಲು ಬೇಡ, ಪೆಡಲು ಬೇಡ, ಬೆರಳು ಸಾಕು.

ಚಿತ್ರದಲ್ಲಿ ಬರೆದ ಭಾಗಗಳಲ್ಲಿ ಅರ್ಧ ಈಗ ಸಿಗುವುದಿಲ್ಲ. ಅತ್ತೆ ಕೆಟ್ಟ ಟೇಪ್‌ರೆಕಾರ್ಡರುಗಳ ಹೊಟ್ಟೆ ಬಗೆದು ಒಂದೊಂದನ್ನೇ ಬಿಡಿಸಿಕೊಂಡರು. ತಟ್ಟುವ ಜಾಗಕ್ಕೆ ಬೇಕಾದ ದಪ್ಪ ರಬ್ಬರನ್ನು ಸವೆದ ಚಪ್ಪಲಿಯ ಅಟ್ಟೆಯಿಂದ ಡ್ರಮ್ಮಿಗೊಂದರಂತೆ ದುಂಡಗೆ ಕತ್ತರಿಸಿ, ಅಡಿಗೆ ಪೆಟ್ಟು ಬಿದ್ದರೆ ಕರೆಂಟು ಹುಟ್ಟಿಸುವ ಬಜರಿನ ಹಿತ್ತಾಳೆ ಬಿಲ್ಲೆ ಅಂಟಿಸಿದರು. ಪೆಟ್ಟಿಗೆಗೆ ಕನ್ನಡಿ ಮೇಜಿನ ಡ್ರಾಯರು ಹೋಯಿತು.

ಪಕ್ಕದ ಅಂಗಡಿಯ ಟೈಲರಮ್ಮ ಹೊಲಿಗೆ ನಿಲ್ಲಿಸಿ ಇಣುಕಿದರು. "ಏನ್ರೀ ಅಕ್ಕಾ, ಚಪ್ಪಲಿ ಅಂಗಡಿ ಇಟ್ರಾ?"

"ಇಲ್ಲಮ್ಮಾ, ನಮ್ಮೋರಿಗೆ ಡ್ರಮ್ಮು."

ಒಳಗೆ ಕೂತಿದ್ದ ಮಾವ, "ಇಷ್ಟು ವರ್ಷ ಬಾರಿಸಿದ್ದಕ್ಕೆ ಕೊನೆಗೆ ಚಪ್ಪಲಿ ಸೇವೆ ನೋಡಿ" ಎಂದರು. ಟೈಲರಮ್ಮ ಬಾಯಿಗೆ ಸೆರಗು ಹಿಡಿದು ಓಡಿದರು.

ದೊಡ್ಡ ಡ್ರಮ್ಮು ಮೊದಲ ಸಲಕ್ಕೇ ಮಾತಾಡಿತು. ಧುಂ. ಕಪಾಟಿನ ಗಾಜು ಅದುರಿತು. ಒಂದು ತಿರುಪು ತಿರುಗಿಸಿದರೆ ಸದ್ದು ಇಳಿಯುತ್ತದೆ, ಇನ್ನೊಂದು ತಿರುಗಿಸಿದರೆ ಉದ್ದವಾಗುತ್ತದೆ. ಮಾವ ಮುಖದ ಮೇಲೆ ಏನನ್ನೂ ತೋರಿಸಲಿಲ್ಲ. ಆದರೆ ಊಟಕ್ಕೆ ಕರೆದರೂ ಏಳಲಿಲ್ಲ.

ಸಣ್ಣ ಡ್ರಮ್ಮಿನಲ್ಲಿ ಎಲ್ಲ ನಿಂತುಹೋಯಿತು. ತಟ್ಟಿದರೆ ಟಕ್ ಎನ್ನುತ್ತದೆ, ಅಷ್ಟೇ.

"ಇದು ಯಾರೋ ಬಾಗಿಲು ತಟ್ಟಿದ ಹಾಗಿದೆ" ಎಂದರು ಮಾವ. "ಯಾರದು ಅಂತ ಕೇಳ್ಲಾ?"

ಅತ್ತೆ ನಗಲಿಲ್ಲ. ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದರು. ಮೀಟರು ಹಿಡಿದು ಒಂದೊಂದು ಭಾಗದ ಕಾಲುಕಾಲನ್ನೂ ಅಳೆದರು. ಎಲ್ಲ ಸರಿಯಿತ್ತು. ಸರಿಯಿದ್ದೂ ಕೆಲಸ ಮಾಡದಿದ್ದರೆ ಎಲ್ಲಿ ಹುಡುಕುವುದು? ತಿಂಗಳು ಕೊನೆಗೆ ಬಂದಿತ್ತು. ಹಾಡುಗಾರ ಫೋನು ಮಾಡಿ, ನಾಳಿದ್ದು ಅಭ್ಯಾಸಕ್ಕೆ ಆ ಹೊಸಬರೂ ಬರುತ್ತಾರೆ ಎಂದು ಮೆತ್ತಗೆ ಹೇಳಿ ಇಟ್ಟರು.

ಅವತ್ತು ಮಧ್ಯಾಹ್ನ ಅತ್ತೆ ಕಾದ ಸಾಲ್ಡರಿಂಗ್ ಐರನ್ನನ್ನು ಬದಿಗಿಟ್ಟು ಕೈಕಟ್ಟಿ ಕೂತರು. ಎದುರಿಗೆ ಮಾವ.

"ಅಲ್ವೇ, ಸಣ್ಣ ಡ್ರಮ್ಮಿನ ಅಡಿಗೆ ತಂತಿ ಇರುತ್ತಲ್ಲ, ಅದು ಚರ್ರ್ ಅನ್ನಬೇಕು. ಮರಳು ಚೆಲ್ಲಿದ ಹಾಗೆ. ನಿನ್ನ ಭಾಷೇಲಿ ಹೇಳ್ಬೇಕು ಅಂದ್ರೆ ಗೊರಗೊರ. ಜೀವಮಾನವೆಲ್ಲ ಅದನ್ನೇ ತೆಗೀತಾ ಬಂದೋಳು, ಇದರಲ್ಲೂ ತೆಗೆದುಬಿಟ್ಯೇನೋ."

ಅತ್ತೆ ತಲೆಯೆತ್ತಿ ಅವರನ್ನು ನೋಡಿದರು. ಆಮೇಲೆ ಪತ್ರಿಕೆಯ ಹಾಳೆಯನ್ನು ಬೆಳಕಿಗೆ ಹಿಡಿದರು.

ಚಿತ್ರದ ಮೂಲೆಯಲ್ಲಿ ಒಂದು ಟ್ರಾನ್ಸಿಸ್ಟರನ್ನು ತಲೆಕೆಳಗಾಗಿ ಬರೆದಿದ್ದರು. ಅದರ ಒಂದು ಕಾಲು ಯಾವುದಕ್ಕೂ ಸೇರದೆ ಗಾಳಿಯಲ್ಲಿ ನಿಂತಿತ್ತು. ಸೇರದ ಕಾಲೆಂದರೆ ಅತ್ತೆಯ ಕಸುಬಿನಲ್ಲಿ ಒಂದೇ ಅರ್ಥ: ಬೆಸುಗೆ ಬಿಟ್ಟಿದೆ. ಅಚ್ಚಿನವರು ತಪ್ಪಿದ್ದಾರೆ ಎಂದು ಲೊಚಗುಟ್ಟಿ, ಅದನ್ನು ನೆಟ್ಟಗೆ ತಿರುಗಿಸಿ, ಆ ಕಾಲನ್ನೂ ಸೇರಿಸಿ, ಡಬ್ಬಿಯಲ್ಲಿದ್ದ ಅತ್ಯಂತ ಶಾಂತವಾದ ಟ್ರಾನ್ಸಿಸ್ಟರನ್ನೇ ಆರಿಸಿ ಹಾಕಿದ್ದರು. ಕೆಟ್ಟ ರೇಡಿಯೋವನ್ನು ರಿಪೇರಿ ಮಾಡುವ ಹಾಗೆ ಚಿತ್ರವನ್ನೇ ರಿಪೇರಿ ಮಾಡಿಬಿಟ್ಟಿದ್ದರು!

"ಅಯ್ಯೋ ನನ್ನ ಬುದ್ಧಿಗಿಷ್ಟು! ಅದು ಗೊರಗೊರ ಅನ್ಲಿ ಅಂತಲೇ ಒಂದು ಕಾಲು ಬಿಟ್ಟು ತಲೆಕೆಳಗೆ ನಿಲ್ಲಿಸಿದ್ದಾರೆ ಕಣ್ರೀ!"

ಗೊರಗುಡುತ್ತವೆಂದು ಗಿರಾಕಿಗಳ ಸೆಟ್ಟುಗಳಿಂದ ಕಿತ್ತುಹಾಕಿದ ಟ್ರಾನ್ಸಿಸ್ಟರುಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಅತ್ತೆ ಅದನ್ನು ಮೇಜಿನ ಮೇಲೆ ಸುರಿದರು. ಒಂದೇ ಹೆಡ್‌ಫೋನು, ಅದರ ಒಂದು ಬದಿ ಅತ್ತೆಯ ಕಿವಿಗೆ, ಇನ್ನೊಂದು ಮಾವನ ಕಿವಿಗೆ. ತಲೆಗೆ ತಲೆ ತಾಗಿಸಿಕೊಂಡು ಒಂದೊಂದನ್ನೇ ತಲೆಕೆಳಗೆ ನಿಲ್ಲಿಸಿ ಕೇಳಿದರು. ಒಂದು ಮೂಕ. ಒಂದು ಗೊರಕೆ. ಇನ್ನೊಂದು ದೂರದ ನಲ್ಲಿಯ ಹಾಗೆ. ಬೆರಳೆಣಿಕೆಯಷ್ಟು ಉಳಿದಿದ್ದಾಗ ಕಾದ ಬಾಣಲೆಗೆ ನೀರು ಚಿಮುಕಿಸಿದಂಥ ಸದ್ದು ಬಂತು.

"ಇದು! ಇದನ್ನ ಬಿಡಬೇಡ!" ಮಾವ ಅತ್ತೆಯ ತೋಳು ಹಿಡಿದುಕೊಂಡರು. ಹಿಡಿದದ್ದು ಬಲಗೈಯಲ್ಲಿ.

"ಇದನ್ನ ಕೆಟ್ಟದ್ದು ಅಂತ ತೆಗೆದುಹಾಕಿದ್ದೆನಲ್ರೀ."

"ಸದ್ಯ, ನನ್ನನ್ನ ಆ ಡಬ್ಬಿಗೆ ಹಾಕಲಿಲ್ಲವಲ್ಲ."

ಅತ್ತೆ ಕಣ್ಣೊರೆಸಿಕೊಂಡು, ಸಾಲ್ಡರಿಂಗ್ ಹೊಗೆ ಎಂದರು.

ತಂಡದ ಅಭ್ಯಾಸ ನಡೆಯುವುದು ಸೈಕಲ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಹೊಸಬರು ಕೋಲುಗಳನ್ನು ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದರು. ಮಾವ ಡ್ರಾಯರನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಾಡುಗಾರ ಅದನ್ನೂ ಅವರನ್ನೂ ನೋಡಿ, "ಆಗುತ್ತಾ?" ಎಂದರು. ಮಾವ ಧುಂ ಎನಿಸಿದರು. ಎಡಗೈ ಮಾಡಬೇಕಾದದ್ದನ್ನೆಲ್ಲ ಮಾಡಿತು. ಬಲಗೈಯ ಬೆರಳುಗಳು ಕಡಿಮೆ ಮಾಡಿದವು, ಆದರೆ ಬೇಕಾದ ಕಡೆ ಮಾಡಿದವು. ಹಾಡುಗಾರ ಉಸಿರು ತೆಗೆದುಕೊಳ್ಳಲು ನಿಂತಾಗ ತಾಳವೂ ಕೂದಲೆಳೆಯಷ್ಟು ಕಾಯಿತು. ಹೊಸಬರು ಕೋಲುಗಳನ್ನು ಚೀಲಕ್ಕೆ ಹಾಕಿ, ಕಾಲಿನಲ್ಲಿ ತಾಳ ಹಾಕುತ್ತ ನಿಂತರು.

ಹುರುಪಿನಲ್ಲಿ ಮಾವ ಎರಡನೆಯ ಚರಣಕ್ಕೆ ತಾಳ ಓಡಿಸತೊಡಗಿದರು. ಹಾಡುಗಾರ ತಟ್ಟನೆ ಹಾಡು ನಿಲ್ಲಿಸಿದರು.

"ಲೋ! ಯಾವ ಬಸ್ಸು ತಪ್ಪಿಹೋಗ್ತಾ ಇದೆ ನಿಂಗೆ? ಮೊದಲಿಂದಾನೂ ಇದೇ ರೋಗ! ನಿಧಾನ ಬಾರಿಸು. ಎಲ್ಲರೂ ಮತ್ತೆ ಮೊದಲಿಂದ!"

ಕೈ ಸ್ವಾಧೀನ ತಪ್ಪಿದಾಗಿನಿಂದ ಯಾರೂ ಮಾವನನ್ನು ಹೀಗೆ ಗದರಿರಲಿಲ್ಲ. ಮಾವ ಕತ್ತು ತಗ್ಗಿಸಿ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಗುತ್ತ, ಮತ್ತೆ ಮೊದಲಿಂದ ಶುರುಮಾಡಿದರು.