ಅಪ್ಪನ ಕೋಣೆಯ ಒದ್ದೆ ನೆಲ

ನಮ್ಮಪ್ಪ ಮೈಸೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಎಪ್ಪತ್ತು ದಾಟಿದರೂ ಬೆನ್ನು ನೆಟ್ಟಗಿಟ್ಟೇ ನಡೆಯುತ್ತಿದ್ದರು. ಬಗ್ಗಿ ನಡೆಯುವವರು ಕಂಡರೆ, ಗುರುತಿರಲಿ ಇಲ್ಲದಿರಲಿ, ಗದರಿಸಿಬಿಡುತ್ತಿದ್ದರು. ಆ ಬೇಸಿಗೆಯಲ್ಲಿ ಅವರು ಬ್ರಿಸ್ಬೇನ್‌ಗೆ ಬಂದದ್ದು ನನ್ನನ್ನು ನೋಡುವುದಕ್ಕಲ್ಲ ಎಂದು ನನಗೆ ಗೊತ್ತಿತ್ತು. ಪರ್ತ್‌ನಲ್ಲಿ ನನ್ನ ತಮ್ಮನ ಹೆಂಡತಿಗೆ ದಿನ ತುಂಬುತ್ತಿತ್ತು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ! ನನಗೂ ನನ್ನ ಗಂಡನಿಗೂ ಮಕ್ಕಳಿಲ್ಲದ್ದರಿಂದ ಅಪ್ಪನಿಗೆ ಅದೇ ಮೊದಲ ಮೊಮ್ಮಗು. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ನೀವೇ ಎಂದು ತಮ್ಮ ಮೊದಲೇ ಹೇಳಿದ್ದ. ಅಲ್ಲಿಯವರೆಗೆ ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್ ಬಡಾವಣೆಯ ನಮ್ಮ ಮನೆಯಲ್ಲಿರುವುದು ಎಂದಾಗಿತ್ತು.

ಅಪ್ಪನಿಗೆಂದು ಹಿಂದಿನ ಕೋಣೆಗೆ ಎಸಿ ಹಾಕಿಸಿದೆವು. ಸೆಕೆ ಶುರುವಾದ ಮೇಲೆ ಇಲ್ಲಿ ಕೆಲಸದವರು ಕೈಗೆ ಸಿಗುವುದಿಲ್ಲ. ಸಿಕ್ಕವನೊಬ್ಬ ಮಧ್ಯಾಹ್ನ ಬಂದು, ಗೋಡೆ ಕೊರೆದು, ಪೈಪು ತೂರಿಸಿ, ತಣ್ಣನೆ ಗಾಳಿ ಬರುವುದನ್ನು ತೋರಿಸಿ ಸಂಜೆಯೊಳಗೆ ಹೊರಟುಹೋದ. ಗಾಳಿ ಬಂತಲ್ಲ, ನಮಗೂ ಅಷ್ಟು ಸಾಕಾಗಿತ್ತು.

ಅಪ್ಪ ಬಂದ ಎರಡನೆಯ ವಾರ, ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಅವರ ಮಂಚದ ಪಕ್ಕ ನೆಲ ಒದ್ದೆಯಾಗಿತ್ತು. ಸ್ವಲ್ಪ ವಾಸನೆಯೂ ಇತ್ತು. ಮಾರನೆಯ ದಿನವೂ ಹಾಗೇ. ನಾನು ಡಾಕ್ಟರು, ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿನಲ್ಲೇ ನನ್ನ ಕೆಲಸ. ಮಂಚದ ಪಕ್ಕದ ಒದ್ದೆ ನೆಲ ನನಗೆ ಹೊಸದೇನಲ್ಲ. ಆ ನೀರು ಎಲ್ಲಿಂದ ಬಂತೆಂದು ಬಗ್ಗಿ ನೋಡಲೂ ಇಲ್ಲ, ಗ್ಲೌಸ್ ಹಾಕಿಕೊಂಡು ಫಿನಾಯಿಲ್ ತಂದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನನ್ನಂಥ ಬುದ್ಧಿವಂತೆಗೆ ಅದೆಲ್ಲ ಎಲ್ಲಿ ಬೇಕು?

ಅಪ್ಪನಿಗೂ ನನಗೂ ನಡುವೆ ಇಂಥ ಮಾತು ಎಂದೂ ಬಂದಿರಲಿಲ್ಲ. ಒಗೆಯಲು ತಮ್ಮ ಪಂಚೆಯನ್ನು ಕೂಡ ನನ್ನ ಕೈಗೆ ಕೊಡುತ್ತಿರಲಿಲ್ಲ ಅವರು. ಮಗಳಾಗಿ ಹೇಗೆ ಕೇಳುವುದೋ ತಿಳಿಯದೆ ಡಾಕ್ಟರಾಗಿ ಕೇಳಿದೆ.

“ಅಪ್ಪಾ, ಈ ವಯಸ್ಸಲ್ಲಿ ಎಲ್ಲರಿಗೂ ಆಗತ್ತೆ. ನಾಚ್ಕೋಬೇಡಿ.”

“ಏನಾಗತ್ತೆ?”

ನೆಲ ತೋರಿಸಿದೆ.

“ಛೆ ಛೆ! ನಾನಲ್ಲಮ್ಮ. ಹಾಸಿಗೆ ನೋಡು, ಒಣಗಿದೆ. ಪಂಚೆ ನೋಡು.”

“ನಿದ್ದೆಗಣ್ಣಲ್ಲಿ ಬಾತ್‌ರೂಮಿಗೆ ಅಂತ ಎದ್ದಿರ್ತೀರ. ದಾರೀಲೇ ಆಗಿರತ್ತೆ. ಗೊತ್ತಾಗಲ್ಲ ಅಪ್ಪ.”

ಅವರು ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡಿದರು. “ನನಗೇ ಗೊತ್ತಾಗಲ್ವಾ?” ಎಂದರು. ಮತ್ತೆ ವಾದಿಸಲಿಲ್ಲ. ಸದ್ಯ, ಒಪ್ಪಿಕೊಂಡರಲ್ಲ ಎಂದು ನನಗೆ ಸಮಾಧಾನವಾಯಿತು. ನನ್ನ ಸಮಾಧಾನಕ್ಕಿಷ್ಟು ಬೆಂಕಿ ಬೀಳ.

ಹಾಸಿಗೆಗೆ ಪ್ಲಾಸ್ಟಿಕ್ ಶೀಟ್ ಬಂತು. ಸಂಜೆಯ ಮೇಲೆ ನೀರು ಕಮ್ಮಿ ಮಾಡಿ ಎಂದೆ. ಅವರು ಮಧ್ಯಾಹ್ನದಿಂದಲೇ ನಿಲ್ಲಿಸಿಬಿಟ್ಟರು. ನಾನು ಏಳುವ ಮೊದಲೇ ಎದ್ದು ನೆಲ ಒರೆಸಿ, ಒರೆಸಿದ ಟವೆಲನ್ನು ಒಗೆದು ಹಿತ್ತಲಲ್ಲಿ ಒಣಹಾಕಿರುತ್ತಿದ್ದರು. ದಿನವೂ ಸ್ನಾನ ಮಾಡಿ ದೇವರ ದೀಪ ಹಚ್ಚುತ್ತಿದ್ದವರು ಅದನ್ನೂ ಬಿಟ್ಟರು. ಯಾಕೆಂದು ಕೇಳಿದರೆ, “ಮೈಲಿಗೆ ಮೈಯಲ್ಲಿ ಬೇಡಮ್ಮ, ನೀನೇ ಹಚ್ಚು” ಎಂದರು.

ನನ್ನ ಗಂಡ ಒಂದು ಸಲ, “ಎಸಿ ಏನಾದ್ರೂ ಲೀಕ್ ಆಗ್ತಿದ್ಯಾ, ಒಬ್ಬನ್ನ ಕರೆಸಿ ತೋರಿಸೋಣ್ವಾ?” ಎಂದ.

“ನಿಂಗೆ ಕಂಪ್ಯೂಟರ್ ಗೊತ್ತು, ನಂಗೆ ವಯಸ್ಸಾದವರು ಗೊತ್ತು. ಸುಮ್ನಿರು,” ಎಂದೆ.

ಪರ್ತ್‌ನಲ್ಲಿ ಹೆಣ್ಣು ಮಗು ಹುಟ್ಟಿತು. ನಾಮಕರಣಕ್ಕೆ ಟಿಕೆಟ್ಟೂ ಆಯಿತು. ಹೊರಡಲು ಎರಡು ದಿನ ಇದೆ ಎನ್ನುವಾಗ ಅಪ್ಪ, “ನಾನು ಬರಲ್ಲ” ಎಂದರು. “ವಿಮಾನದಲ್ಲಿ ಅಷ್ಟು ಹೊತ್ತು ಕೂತಿರ್ಬೇಕು. ಅಲ್ಲೇ ಆಗ್ಬಿಟ್ರೆ? ಮಗೂನ ತೊಡೆ ಮೇಲೆ ಮಲಗಿಸ್ಕೊಂಡಾಗ ಆಗ್ಬಿಟ್ರೆ? ಬೀಗರೆಲ್ಲ ಇರ್ತಾರೆ.”

ಏನಾದರಾಗಲಿ ಬನ್ನಿ ಎಂದು ನಾನು ಎಳೆದುಕೊಂಡು ಹೋಗಬೇಕಿತ್ತು. ರೋಗಿಗಳ ಹತ್ತಿರ ಮಾತಾಡುವ ದನಿಯಲ್ಲಿ, “ನಿಮಗೆ ಹೇಗನ್ನಿಸತ್ತೋ ಹಾಗೆ ಮಾಡಿ” ಎಂದೆ. ಅವರೊಬ್ಬರನ್ನೇ ಬಿಟ್ಟು ಹೋಗಲಾರದೆ ನಾವೂ ಉಳಿದೆವು.

ನಾಮಕರಣದ ಬೆಳಿಗ್ಗೆ ಅಪ್ಪ ಜರಿ ಪಂಚೆ ಉಟ್ಟು, ವೀಡಿಯೋ ಕಾಲ್‌ಗೆ ಕಾಯುತ್ತ ಕೂತಿದ್ದರು. ಫೋನು ರಿಂಗಾಯಿತೆಂದು ಎದ್ದವರು ನಿಂತಲ್ಲೇ ಕುಸಿದರು. ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆದೊಯ್ದೆವು. ಮೈಯಲ್ಲಿ ನೀರೇ ಇಲ್ಲ, ಇವರು ನೀರು ಕುಡಿಯುವುದಿಲ್ಲವೇ ಎಂದು ನನ್ನ ಸಹೋದ್ಯೋಗಿ ನನ್ನನ್ನೇ ಕೇಳಿದಳು. ಅಪ್ಪನಿಗೆ ಡ್ರಿಪ್ ಹಾಕುತ್ತಿದ್ದ ಹೊತ್ತಿಗೆ ಪರ್ತ್‌ನಲ್ಲಿ ತಮ್ಮನ ಮಾವ ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು.

ಅಪ್ಪನನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಕೋಣೆ ಒಣಗಲಿ ಎಂದು ಗಂಡ ಎಸಿ ಹಾಕಿಯೇ ಇಟ್ಟಿದ್ದ. ಮಾರನೆಯ ಬೆಳಿಗ್ಗೆ ಅಪ್ಪನ ಕನ್ನಡಕ ತರಲು ಒಳಗೆ ಹೋದೆ. ಮಂಚ ಖಾಲಿಯಿತ್ತು. ನೆಲ ಒದ್ದೆಯಾಗಿತ್ತು.

ಆ ನೀರು ಎಲ್ಲಿಂದ ಬಂತೆಂದು ಆಗ ಮೊದಲ ಸಲ ಬಗ್ಗಿ ನೋಡಿದೆ.

ಅವತ್ತೇ ಗೋಗರೆದು ಮೆಕ್ಯಾನಿಕ್ ಒಬ್ಬನನ್ನು ಕರೆಸಿದೆವು. ಅವನು ಎಸಿಯ ಮುಚ್ಚಳ ತೆಗೆದು ಒಳಗಿನ ತಟ್ಟೆಗೆ ಒಂದು ಜಗ್ಗು ನೀರು ಸುರಿದ. ಹೊರಗಿನ ಪೈಪಿನ ಬಾಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಮಂಚದ ಪಕ್ಕದ ಗೋಡೆಯ ಬುಡದಲ್ಲಿ ನೀರು ಮೆಲ್ಲಗೆ ಒಸರಿತು. ಗಾಳಿ ತಣ್ಣಗಾಗುವಾಗ ಒಳಗೆ ಕೂಡುವ ನೀರು ಆ ಪೈಪಿನಲ್ಲಿ ಇಳಿದು ಹೊರಗೆ ಹೋಗಬೇಕು. ನಮ್ಮ ಪೈಪು ಗೋಡೆಯೊಳಗೆ ಮೇಲಕ್ಕೆ ಏರಿತ್ತು, ಜೋಡಿಸಿದ ಕಡೆ ಅಂಟು ಕೂಡ ಹಾಕಿರಲಿಲ್ಲ. ನಾರುತ್ತಿದ್ದದ್ದು ಅಲ್ಲಿ ನಿಂತ ನೀರು. ಪೈಪು ಹಾಕಿದವನನ್ನು ಮೆಕ್ಯಾನಿಕ್ ಬಾಯಿಗೆ ಬಂದಂತೆ ಬೈದ. ನಾನು ಯಾವ ಬಾಯಲ್ಲಿ ಬೈಯಲಿ?

ಆಸ್ಪತ್ರೆಗೆ ಹೋಗಿ ಅಪ್ಪನ ಹತ್ತಿರ ಕೂತು ಎಲ್ಲ ಹೇಳಿದೆ. ಕಾಲು ಹಿಡಿದುಕೊಂಡು ಅತ್ತೆ. “ನಾನಲ್ಲ ಅಂದಿದ್ರಲ್ಲ ಅಪ್ಪ, ಮತ್ತೆ ಯಾಕೆ ಒಪ್ಕೊಂಡ್ರಿ?”

“ನೀನು ಡಾಕ್ಟರಲ್ವೇನಮ್ಮ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಎರಡೇಟು ಹೊಡೆದಿದ್ದರೂ ನನಗೆ ಹಗುರಾಗುತ್ತಿತ್ತು. ಸೂಜಿ ಚುಚ್ಚಿದ ತಮ್ಮ ಕೈಯನ್ನು ನೋಡುತ್ತ ಕೇಳಿದರು:

“ಹಾಗಾದ್ರೆ ನಾನು ಪರ್ತ್‌ಗೆ ಹೋಗ್ಬಹುದಿತ್ತು, ಅಲ್ವಾ?”

“ಹೋಗ್ಬಹುದಿತ್ತು ಅಪ್ಪ,” ಎಂದೆ.